ಉಕ್ಕಿನ ಒಡಲೊಳಗಣ ವೈಷಮ್ಯ

ಇಂಗ್ಲಿಷ್ ಕೋಶಗಳಲ್ಲಿ ‘ವೂಟ್ಸ್’ ಎಂಬುದೊಂದು ಶಬ್ದವುಂಟು. ದಕ್ಷಿಣ ಹಿಂದೂಸ್ಥಾನದ ಕುಲುಮೆಗಳಲ್ಲಿ ಮಣ್ಣಿನ ಮೂಸೆಗಳೊಳಗೆ ಕರಗಿಸಿ ಸಿದ್ಧಪಡಿಸುತ್ತಿದ್ದ ಉಕ್ಕು ಎಂದು ಅದಕ್ಕೆ ಅರ್ಥವನ್ನು ಹೇಳಿರುವರು. ಈ ಶಬ್ದವು ನಮ್ಮ ‘ಉಕ್ಕು’ ಎಂಬುದರ ರೂಪಾಂತರವೆಂದೂ, ‘ವೂಕ್’ ಎಂದಿರಬೇಕಾದುದು ಬರೆವಣಿಗೆಯ ತಪ್ಪಿನಿಂದ ‘ವೂಟ್ಸ್’ ಆಗಿರಬೇಕೆಂದೂ ೧೮೮೬ರಲ್ಲಿ ಅಚ್ಚಾದ ‘ಹಾಬ್ಸನ್-ಜಾಬ್ಸನ್’ ಎಂಬ ಕೋಶದ ಕರ್ತರು ಅಭಿಪ್ರಾಯಪಟ್ಟಿರುವರು. ಕನ್ನಡಿಗರ, ತೆಲುಗರ ನಾಲಗೆಯ ಮೇಲೆ ದಿನದಿನವೂ ಆಡುವ ಮಾತೊಂದು ಲೋಹಶಾಸ್ತ್ರದ ಗ್ರಂಥಗಳಲ್ಲಿ ನೆಲೆಯಾಗಿ ನಿಂತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಹೆಸರು ಉಳಿದುದರಿಂದಲೇ ವಿಷಯವು ತಿಳಿದಂತಾಗಲಿಲ್ಲ. ಆ ಉಕ್ಕಿನಿಂದ ಬಡಿದ ಕತ್ತಿಗಳ ಮೈಮೇಲೆ ಕೆರೆಯ ನೀರಿನ ತೆರೆಗಳಂತೆ ಕಾಣುತ್ತಿದ್ದ ಗೆರೆಗಳು ಎಲ್ಲಿಂದ ಬಂದುವು? ಈ ಒಂದು ಪ್ರಶ್ನೆಗೆ ಉತ್ತರವನ್ನು ಹುಡುಕುವುದರಲ್ಲಿ ಯೂರೋಪು ಅಮೆರಿಕಗಳ ವಿದ್ವಾಂಸರು ೨೦೦ ವರ್ಷಗಳನ್ನು ಕಳೆದರು. ಕಡೆಗೆ ದೊರೆತ ಉತ್ತರವು ಆಶ್ಚರ್ಯಕರವಾದುದು. ಆ ಉಕ್ಕಿನ ಒಡಲು ಎಲ್ಲೆಡೆಯೂ ಒಂದೇ ಸಮನಾಗಿರಲಿಲ್ಲ. ಆ ಅಸಮತೆಯೇ ಅದರ ಸೊಬಗಿಗೆ ಮೂಲವಾಗಿದ್ದಿತು. ಈ ಶೋಧನೆಯ ಕಥೆಯನ್ನು ಸಂಗ್ರಹವಾಗಿ ವಾಚಕರ ಮುಂದಿಡುವುದು ಪ್ರಕೃತ ಲೇಖನದ ಉದ್ದೇಶವು.

ಮೊದಲು ಉಕ್ಕನ್ನು ಮಾಡುತ್ತಿದ್ದ ಕ್ರಮವನ್ನು ನೋಡೋಣ. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ಎಂದರೆ ೧೮೦೦ರಲ್ಲಿ, ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಸಾಹೇಬರು ಮದರಾಸಿನಿಂದ ಹೊರಟು ಮೈಸೂರು ಸೀಮೆಯಲ್ಲಿ ಸಂಚರಿಸಿದರು. ಅವರ ಪ್ರವಾಸಗ್ರಂಥವು ೧೮೦೭ರಲ್ಲಿ ಪ್ರಕಟವಾಯಿತು. ಮಾಗಡಿ, ಮಧುಗಿರಿ ಮೊದಲಾದ ಕಡೆಗಳಲ್ಲಿ ಕಬ್ಬಿಣವನ್ನೂ ಉಕ್ಕನ್ನೂ ಮಾಡುತ್ತಿದ್ದ ರೀತಿಯನ್ನು ಅವರು ಕಣ್ಣಾರೆ ಕಂಡು ಬರೆದಿರುವರು. ಅದಿರಿನಿಂದ ತೆಗೆದ ಮೆದುಕಬ್ಬಿಣದ ತುಂಡನ್ನು ಮಣ್ಣಿನ ಮೂಸೆಯಲ್ಲಿಟ್ಟು, ಅದರೊಡನೆ ತಂಗಡಿಯ ಕಡ್ಡಿಗಳನ್ನೂ ಕೆಲವು ಹಸುರೆಲೆಗಳನ್ನೂ ಸೇರಿಸಿ, ಬಾಯನ್ನು ಜೇಡಿಮಣ್ಣಿನಿಂದ ಭದ್ರವಾಗಿ ಮುಚ್ಚುತ್ತಿದ್ದರು. ಇಂತಹ ಮೂಸೆಗಳನ್ನು ಕುಲುಮೆಯಲ್ಲಿ ಜೋಡಿಸಿ, ಇದ್ದಿಲನ್ನು ತುಂಬಿ, ತಿದಿಯನ್ನೊತ್ತುತ್ತಿದ್ದರು. ಕಡ್ಡಿಯೂ ಎಲೆಯೂ ಒಳಗೇ ಕರಿದು ಇಂಗಾಲವಾಗಿ ಕಬ್ಬಿಣವನ್ನು ಸೇರುತ್ತಿದ್ದಿತು. ಇಂಗಾಲವು ಸೇರಿದಷ್ಟೂ ಕಬ್ಬಿಣವು ಕರಗುವ ಶಾಖವು ಇಳಿಯುವುದು. ಆದುದರಿಂದಲೇ ಆ ಸಣ್ಣ ಕುಲುಮೆಯ ಬೆಂಕಿಗೂ ಅದು ನೀರಾಗುತ್ತಿದ್ದಿತು. ಮೂಸೆಯು ಆರಿದ ಮೇಲೆ ಒಡೆದರೆ ತಳದಲ್ಲಿ ಉಕ್ಕಿನ ಗಟ್ಟಿಯೊಂದು ದೊರೆಯುತ್ತಿದ್ದಿತು. ಆ ಗಟ್ಟಿಯ ಮೇಲ್ಮೈಯಲ್ಲಿ ಹರಳುಗಟ್ಟಿದ ಗುರುತುಗಳು ಕಾಣುತ್ತಿದ್ದುವೆಂದೂ, ಅದು ಪೂರ್ಣವಾಗಿ ಕರಗಿದ್ದುದಕ್ಕೆ ಇದೇ ಸಾಕ್ಷಿಯೆಂದೂ ಬುಕಾನನ್ ಸಾಹೇಬರು ಗಮನಿಸಿದರು. ಈ ಗುರುತುಗಳ ವಿಷಯವನ್ನು ವಾಚಕರು ನೆನಪಿನಲ್ಲಿಡಬೇಕಾಗಿ ಪ್ರಾರ್ಥನೆ.

ಇಂತಹ ಗಟ್ಟಿಗಳಲ್ಲಿ ಹೆಚ್ಚಿನವು ಉಳಿ, ಕೊಡಲಿ ಮೊದಲಾದ ಆಯುಧಗಳಾಗಿ ನಮ್ಮ ಊರುಗಳಲ್ಲಿಯೇ ಸವೆದುಹೋದುವು. ಆದರೆ ದಕ್ಷಿಣದ ಮೂಸೆಯುಕ್ಕಿಗೆ ಹೊರನಾಡುಗಳಲ್ಲಿಯೂ ದೊಡ್ಡ ಬೆಲೆಯಿದ್ದಿತು. ತೆಲುಗುನಾಡಿನ ಕೋನಸಮುದ್ರವೆಂಬ ಗ್ರಾಮಕ್ಕೆ ಪಾರಸಿಕದೇಶದ ಇಸ್ಫಹಾನಿನಿಂದ ವರ್ತಕರು ಬಂದು ಉಕ್ಕನ್ನು ಕೊಂಡುಹೋಗುತ್ತಿದ್ದುದನ್ನು ಡಾಕ್ಟರ್ ವಾಯ್ಸಿಯವರು ಬರೆದಿಟ್ಟ ಲೇಖನವು ೧೮೩೨ರಲ್ಲಿ ಅಚ್ಚಾಯಿತು. ಪಾರಸಿಕ, ತುರ್ಕಿ ದೇಶಗಳ ಕಮ್ಮಾರರು ಈ ಗಟ್ಟಿಗಳನ್ನು ಕತ್ತಿಗಳಾಗಿ ಬಡಿದು, ಮೆರುಗಿಟ್ಟು, ಮೇಲೆ ಹುಳಿನೀರನ್ನು ತೊಡೆದಾಗ ಕಪ್ಪು ನೆಲದ ಮೇಲೆ ಬೆಳ್ಳಿಯ ಅಲೆಗಳು ಮೂಡಿಬರುತ್ತಿದ್ದುವು. ಯೂರೋಪಿನವರು ಇವನ್ನು ಡಮಾಸ್ಕಸ್ ಕತ್ತಿಗಳೆಂದು ಕರೆದರು. ಆದರೆ ಯೂರೋಪಿನ ಕಮ್ಮಾರರ ಕೈಯಲ್ಲಿ ಆ ಗಟ್ಟಿಯು ಬಾಗಲಿಲ್ಲ. ೧೭೨೨ರಲ್ಲಿ ಫ್ರಾನ್ಸಿನ ರೋಮ್ಯೂರ್ ಎಂಬ ಪಂಡಿತನು, ತನ್ನ ಕೈಗೆ ಬಂದಿದ್ದ ಹಿಂದೂದೇಶದ ಉಕ್ಕನ್ನು ಬಡಿಯಬಲ್ಲ ಕೆಲಸಗಾರನು ಪ್ಯಾರಿಸ್ ಪಟ್ಟಣದಲ್ಲಿ ಒಬ್ಬನೂ ಸಿಗಲಿಲ್ಲವೆಂದು ಬರೆದನು. ಕಾದ ಗಟ್ಟಿಯು ಸುತ್ತಿಗೆಯ ಪೆಟ್ಟಿಗೆ ಪುಡಿಪುಡಿಯಾಗುತ್ತಿದ್ದಿತು. ಏಕೆ ಹೀಗಾಯಿತೆಂಬುದು ಮುಂದೆ ತಿಳಿದುಬರುವುದು.

ಶಾಸ್ತ್ರೀಯವಾದ ಶೋಧನೆಯು ಮೊದಲಾದುದು ಲಂಡನ್ನಿನಲ್ಲಿ. ಬೊಂಬಾಯಿಯಲ್ಲಿ ವೈದ್ಯರಾಗಿದ್ದ ಹೆಲೀನಸ್ ಸ್ಕಾಟರು ೧೭೯೪ರಲ್ಲಿ ರಾಯಲ್ ಸೊಸೈಟಿಯ ಅಧ್ಯಕ್ಷರಾದ ಸರ್ ಜೋಸೆಫ್ ಬ್ಯಾಂಕ್ಸರಿಗೆ ಈ ಉಕ್ಕಿನ ಮಾದರಿಗಳನ್ನು ಕಳುಹಿಸಿದರು. ಮರುವರ್ಷವೇ ಜಾರ್ಜ್ ಪಿಯರ್ಸನ್ನರು ತಮ್ಮ ಪರೀಕ್ಷೆಯ ಫಲವನ್ನು ಆ ಸಂಸ್ಥೆಯ ಮುಂದೆ ಓದಿದರು. ‘ವೂಟ್ಸ್’ ಎಂಬ ಹೆಸರು ಅಚ್ಚಿನಲ್ಲಿ ಪ್ರಚಾರಕ್ಕೆ ಬಂದುದು ಆ ಪ್ರಬಂಧದಿಂದಲೇ. ೧೮೦೫ರಲ್ಲಿ ಡೇವಿಡ್ ಮುಷೆಟರು, ಸಾಮಾನ್ಯವಾದ ಎರಕದ ಉಕ್ಕಿಗಿಂತಲೂ ಇದರಲ್ಲಿ ಇಂಗಾಲವು ಹೆಚ್ಚಾಗಿದೆಯೆಂದು ನಿರ್ಣಯಿಸಿದರು. ಅನಂತರ ಈ ಕೆಲಸಕ್ಕೆ ಕೈಹಾಕಿದವರು ಮೈಕೇಲ್ ಫ್ಯಾರಡೆಯವರು. ವಿದ್ಯುಚ್ಛಾಸ್ತ್ರದಲ್ಲಿ ಜಗದ್ವಿಖ್ಯಾತರಾದ ಈ ಮಹನೀಯರು ಕಮ್ಮಾರನೊಬ್ಬನ ಮಗ. ೧೮೧೯ರಲ್ಲಿ ಇವರು ನಮ್ಮ ದೇಶದ ಉಕ್ಕನ್ನು ವಿಭಜಿಸಿ ನೋಡಿ, ಅದರಲ್ಲಿ ಅಲ್ಯೂಮಿನಿಯಮ್ಮಿನ ಅಂಶವಿದೆಯೆಂದೂ ಅದರ ಗುಣಕ್ಕೆ ಅದೇ ಕಾರಣವೆಂದೂ ಭಾವಿಸಿದರು. ಆ ಊಹೆಯು ನಿಲ್ಲಲಿಲ್ಲ. ಆದರೆ ಅದರ ಜಾಡನ್ನು ಹಿಡಿದು ಅವರು ಜೇಮ್ಸ್ ಸ್ಟೋಡರ್ಟರೊಡನೆ ಸೇರಿ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ, ರೋಡಿಯಂ, ಕ್ರೋಮಿಯಂ ಮುಂತಾದ ಲೋಹಗಳನ್ನು ಬೆರಸಿ ನೋಡಿದರು. ೧೮೨೦ ಮತ್ತು ೧೮೨೨ರಲ್ಲಿ ಪ್ರಕಟವಾದ ಆ ಪ್ರಯೋಗಗಳು ಮಿಶ್ರಲೋಹದ ಉಕ್ಕಿನ ಶಾಸ್ತ್ರಕ್ಕೆ ನಾಂದಿಯಾದುವು. ತಪ್ಪು ಊಹೆಯೂ ಕೆಲವೊಮ್ಮೆ ಸತ್ಫಲವನ್ನು ಕೊಡುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ದುರ್ಲಭ.

ಇವರೆಲ್ಲರೂ ಕೇಳಿದ ಪ್ರಶ್ನೆಯು ಒಂದೇ: ಈ ಉಕ್ಕಿನಲ್ಲಿ ಏನೇನು ಇದೆ? ಅದು ಎಲ್ಲೆಲ್ಲಿ ಇದೆ ಎಂಬ ಮಾತನ್ನು ಕೇಳಿದವರು ಪ್ಯಾರಿಸ್ಸಿನ ಟಂಕಸಾಲೆಯ ಪರೀಕ್ಷಕರಾಗಿದ್ದ ಬ್ರೆಯಾನ್ ಎಂಬವರು. ಕರಗಿದ ಉಕ್ಕು ನಿಧಾನವಾಗಿ ಆರುವಾಗ, ಇಂಗಾಲವು ಕಡಿಮೆಯಾದ ಭಾಗವೂ ಹೆಚ್ಚಾದ ಭಾಗವೂ ಬೇರೆಬೇರೆಯಾಗಿ ಹರಳುಗಟ್ಟುವುವೆಂದೂ, ಅಲೆಗಳು ಹುಟ್ಟುವುದು ಈ ಬೇರ್ಪಡುವಿಕೆಯಿಂದಲೆಂದೂ ಅವರು ೧೮೨೩ರಲ್ಲಿ ಸಾರಿದರು. ರಷ್ಯಾದೇಶದ ಉರಲ್ ಪರ್ವತಪ್ರಾಂತದ ಜ್ಲಾಟವುಸ್ಟ್ ಎಂಬಲ್ಲಿ ಪಾವೆಲ್ ಅನೋಸೊವ್ ಎಂಬ ಅಧಿಕಾರಿಯು ಅನೇಕ ವರ್ಷಗಳ ಕಾಲ ಪರಿಶ್ರಮಪಟ್ಟು ಇಂತಹ ಉಕ್ಕನ್ನೇ ತಯಾರಿಸಿ, ೧೮೪೧ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. ಮೆರುಗಿಟ್ಟ ಉಕ್ಕನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದವರಲ್ಲಿ ಈತನು ಮೊದಲಿಗರೊಳಗೊಬ್ಬನು. ೧೮೬೩ರ ಸುಮಾರಿನಲ್ಲಿ ಇಂಗ್ಲೆಂಡಿನ ಷೆಫೀಲ್ಡಿನ ಹೆನ್ರಿ ಸಾರ್ಬಿಯವರು ಲೋಹವನ್ನು ಆಮ್ಲದಿಂದ ತೊಡೆದು ಅದರ ಒಳರಚನೆಯನ್ನು ವಿವರವಾಗಿ ನೋಡುವ ಕ್ರಮವನ್ನು ನೆಲೆಗೊಳಿಸಿದರು. ಹೊರಗಣ್ಣಿಗೆ ಒಂದೇ ಮುದ್ದೆಯಾಗಿ ತೋರುವ ಉಕ್ಕು ಹಲವು ಬಗೆಯ ಕಣಗಳ ನೆಯ್ಗೆಯೆಂಬುದು ಅಂದಿನಿಂದ ಸ್ಪಷ್ಟವಾಯಿತು.

ಈ ನೆಯ್ಗೆಯ ಮೊದಲ ಎಳೆಯು ಎಲ್ಲಿ ಹುಟ್ಟುವುದೆಂಬುದನ್ನು ತೋರಿಸಿಕೊಟ್ಟವರು ರಷ್ಯಾದ ಡಿಮಿಟ್ರಿ ಚೆರ್ನೊವ್. ಎರಕದ ಉಕ್ಕಿನ ರಚನೆಯನ್ನು ಕುರಿತು ೧೮೭೮ರಲ್ಲಿ ಅವರು ವಿಚಾರವನ್ನು ಮಂಡಿಸಿದರು. ಉಕ್ಕು ಆರುವಾಗ ಒಮ್ಮೆಲೇ ಗಟ್ಟಿಯಾಗದೆ, ಬೋಡಿಯಿಂದ ಕೊಂಬೆ, ಕೊಂಬೆಯಿಂದ ರೆಂಬೆ ಒಡೆಯುವ ಮರದಂತೆ ಬೆಳೆಯುವ ಹರಳುಗಳಾಗಿ ಗಟ್ಟಿಯಾಗುವುದೆಂದು ಅವರು ವಿವರಿಸಿದರು. ದೊಡ್ಡ ಎರಕದ ಗಟ್ಟಿಯೊಂದರ ಒಳಪೊಳ್ಳಿನಲ್ಲಿ ದೊರೆತ ಸುಮಾರು ೩೯ ಸೆಂಟಿಮೀಟರು ಉದ್ದದ ಅಂತಹ ಒಂದು ಹರಳು ‘ಚೆರ್ನೊವನ ಹರಳು’ ಎಂದು ಇಂದಿಗೂ ಪ್ರಸಿದ್ಧವಾಗಿದೆ. ಮಾಗಡಿಯ ಸೀಮೆಯಲ್ಲಿ ಬುಕಾನನ್ ಸಾಹೇಬರು ಕಂಡ ಗುರುತುಗಳು ಇಂತಹ ಹರಳುಗಳವೇ.

ಹರಳು ಬೆಳೆಯುವಾಗ ಅಸಮತೆಯು ಹೇಗೆ ಹುಟ್ಟುವುದೆಂಬುದಕ್ಕೆ ನಮ್ಮ ಆಲೆಮನೆಯ ಕಡೆಗೆ ನೋಡಿದರೆ ಸಾಕು. ಕಬ್ಬಿನ ಪಾಕದಲ್ಲಿ ಸಕ್ಕರೆಯ ಹರಳು ಕಟ್ಟುವಾಗ ಹರಳು ತಿಳಿಯಾಗಿರುವುದು. ಅದಕ್ಕೆ ಬೇಡವಾದುದೆಲ್ಲವೂ ಹಿಂದುಳಿದು ಕಡೆಗೆ ಕಾಕಂಬಿಯಾಗುವುದು. ಉಕ್ಕಿನಲ್ಲಿಯೂ ಹಾಗೆಯೇ. ಮೊದಲು ಹೆಪ್ಪುಗಟ್ಟುವ ಕೊಂಬೆಗಳಲ್ಲಿ ಕಬ್ಬಿಣದ ಪಾಲು ಹೆಚ್ಚು. ಇಂಗಾಲ, ಮ್ಯಾಂಗನೀಸು, ರಂಜಕ, ವೆನೇಡಿಯಂ ಮೊದಲಾದುವು ಇನ್ನೂ ದ್ರವವಾಗಿರುವ ಭಾಗಕ್ಕೆ ತಳ್ಳಲ್ಪಡುವುವು. ಕಡೆಯಲ್ಲಿ ಹೆಪ್ಪುಗಟ್ಟುವ ರೆಂಬೆಗಳ ನಡುವಣ ಸಂದುಗಳಲ್ಲಿ ಅವು ತುಂಬಿಕೊಳ್ಳುವುವು. ಒಂದೇ ಮೂಸೆಯಲ್ಲಿ ಒಂದೇ ಪಾಕವಾಗಿ ಕರಗಿದ್ದ ಲೋಹವು ಆರಿದೊಡನೆಯೇ, ಕೂದಲೆಳೆಯಷ್ಟು ಅಂತರದಲ್ಲಿಯೇ, ಒಂದೆಡೆ ಒಂದು ಬಗೆಯಾಗಿಯೂ ಇನ್ನೊಂದೆಡೆ ಇನ್ನೊಂದು ಬಗೆಯಾಗಿಯೂ ಪರಿಣಮಿಸುವುದು. ಇದು ಕೆಲಸಗಾರನ ಅಜಾಗ್ರತೆಯಿಂದ ಬಂದ ದೋಷವಲ್ಲ. ಹೆಪ್ಪುಗಟ್ಟುವ ಮಿಶ್ರಲೋಹದ ಸಹಜಧರ್ಮ.

ಇಲ್ಲಿ ಒಂದು ಆಕ್ಷೇಪವು ಏಳುವುದು. ಅಲೆಗಳಲ್ಲಿ ಬೆಳ್ಳಗೆ ಹೊಳೆಯುವ ವಸ್ತುವು ಸಿಮೆಂಟೈಟು, ಎಂದರೆ ಕಬ್ಬಿಣವೂ ಇಂಗಾಲವೂ ಕೂಡಿದ ಅತಿಕಠಿನವಾದ ಸಂಯುಕ್ತ. ನೂರಕ್ಕೆ ಸುಮಾರು ೧.೫ ಭಾಗ ಇಂಗಾಲವಿರುವ ಈ ಉಕ್ಕಿನಲ್ಲಿ ಅದು ಕಣಕಣವಾಗಿ ಬೇರ್ಪಡುವುದು. ಆದರೆ ಇಂಗಾಲದ ಪರಮಾಣುವು ಬಹಳ ಚಿಕ್ಕದು. ರಥೋತ್ಸವದ ಜನಸಂದಣಿಯಲ್ಲಿ ಮಕ್ಕಳು ಸಂದಿಗೊಂದಿಗಳಲ್ಲಿ ನುಸುಳಿ ಓಡಾಡುವಂತೆ ಅದು ಕಾದ ಕಬ್ಬಿಣದೊಳಗೆ ಬೇಗನೆ ಹರಡಿಬಿಡುವುದು. ಹೀಗಿರಲು ಮೂಸೆಯಲ್ಲಿ ಹುಟ್ಟಿದ ಇಂಗಾಲದ ಅಸಮತೆಯು ಕಮ್ಮಾರನ ಮೊದಲ ಕೆಲವು ಕಾವುಗಳಲ್ಲಿಯೇ ಅಳಿಸಿಹೋಗಬೇಕಲ್ಲವೆ? ಆದರೂ ಸಿದ್ಧವಾದ ಕತ್ತಿಯಲ್ಲಿ ಸಿಮೆಂಟೈಟು ಸಾಲುಸಾಲಾಗಿ ನಿಲ್ಲುವುದು ಹೇಗೆ?

ಈ ಗಂಟನ್ನು ಬಿಡಿಸಲು ಹಳೆಯ ಕತ್ತಿಗಳೇ ಬೇಕಾದುವು. ಸ್ವಿಟ್ಜರ್ಲೆಂಡಿನ ಹೆನ್ರಿ ಮೋಸರ್ ಎಂಬ ಸಂಗ್ರಾಹಕರು ಕೊಟ್ಟ ಕೆಲವು ಅಲಗುಗಳನ್ನು ತುಂಡರಿಸಿ, ಝ್ಷೋಕ್ಕೆ ಎಂಬ ಲೋಹಶಾಸ್ತ್ರಜ್ಞರು ೧೯೨೪ರಲ್ಲಿ ತಮ್ಮ ಪರೀಕ್ಷೆಯನ್ನು ಪ್ರಕಟಿಸಿದ್ದರು. ಅವುಗಳಲ್ಲಿ ಉಳಿದ ತುಂಡುಗಳು ಬರ್ನ್ ನಗರದ ಐತಿಹಾಸಿಕ ವಸ್ತುಸಂಗ್ರಹಾಲಯದಲ್ಲಿದ್ದುವು. ಅಮೆರಿಕದ ಅಯೋವಾ ರಾಜ್ಯದ ವಿಶ್ವವಿದ್ಯಾಲಯದ ಜಾನ್ ವರ್ಹೋವನ್ನರು ಈ ತುಂಡುಗಳನ್ನು ಪಡೆದು ಪರಿಶೀಲಿಸಿದರು. ಅವರ ಸಹಾಯಕ್ಕೆ ನಿಂತವರು ಆಲ್ಫ್ರೆಡ್ ಪೆಂಡ್ರೆ ಎಂಬ ಕತ್ತಿಗಾರ ಕಮ್ಮಾರರು. ಪ್ರಾಧ್ಯಾಪಕರೊಬ್ಬರೂ ಕಮ್ಮಾರರೊಬ್ಬರೂ ಒಂದೇ ಕುಲುಮೆಯ ಮುಂದೆ ವರ್ಷಗಟ್ಟಲೆ ದುಡಿದುದು ಈ ಕಥೆಯಲ್ಲಿ ಎಲ್ಲಕ್ಕಿಂತಲೂ ಸುಂದರವಾದ ಭಾಗವೆಂದು ನಮ್ಮ ಅಭಿಪ್ರಾಯ. ೧೯೯೮ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರು ತಿಳಿಸಿದ ಸಿದ್ಧಾಂತವಿದು: ಗೆರೆಗಳಿಗೆ ಕಾರಣವಾದುದು ಉಕ್ಕಿನಲ್ಲಿ ನೂರಕ್ಕೆ ೦.೦೧ ಭಾಗದ ಆಸುಪಾಸಿನಲ್ಲಿದ್ದ ವೆನೇಡಿಯಂ ಮತ್ತು ಅದರಂತೆ ಇಂಗಾಲವನ್ನು ಹಿಡಿದುಕೊಳ್ಳುವ ಸ್ವಭಾವದ ಬೇರೆ ಲೋಹಗಳು.

ವೆನೇಡಿಯಮ್ಮಿನ ಪರಮಾಣುಗಳು ಇಂಗಾಲದಂತೆ ಸಂದಿಗಳಲ್ಲಿ ನುಸುಳಲಾರವು. ಅವು ಕಬ್ಬಿಣದ ಪರಮಾಣುಗಳ ಪೀಠಗಳಲ್ಲಿಯೇ ಕುಳಿತಿರುವುದರಿಂದ ಕದಲುವುದು ಬಹಳ ನಿಧಾನ. ಆದುದರಿಂದ ರೆಂಬೆಗಳ ಸಂದುಗಳಲ್ಲಿ ಒಮ್ಮೆ ಸೇರಿದ ವೆನೇಡಿಯಂ ಅಲ್ಲಿಯೇ ಉಳಿಯುವುದು. ಗಟ್ಟಿಯನ್ನು ಬಡಿದು ಚಪ್ಪಟೆ ಮಾಡಿದಂತೆಲ್ಲ ಆ ಸಂದುಗಳು ಅಲಗಿನ ಮೈಗೆ ಸಮಾನಾಂತರವಾದ ತೆಳುಪದರಗಳಾಗುವುವು. ಕಮ್ಮಾರನು ಅಲಗನ್ನು ಪ್ರತಿಸಲ ಕಾಯಿಸಿದಾಗಲೂ ಸಿಮೆಂಟೈಟಿನ ಕಣಗಳಲ್ಲಿ ಸಣ್ಣವು ಕರಗಿಹೋಗುವುವು, ದೊಡ್ಡವು ಉಳಿಯುವುವು. ಆರುವಾಗ, ಉಳಿದುವು ಮತ್ತಷ್ಟು ಬೆಳೆಯುವುವು. ವೆನೇಡಿಯಂ ಇರುವ ಪದರದಲ್ಲಿ ಕಣಗಳು ಹೆಚ್ಚು ಉಳಿಯುವುದರಿಂದ, ಹತ್ತಾರು ಸಲ ಕಾಯಿಸಿ ಬಡಿದ ಬಳಿಕ ನಡುವಣ ಪದರಗಳು ಬರಿದಾಗಿ, ಕಣಗಳೆಲ್ಲವೂ ಆ ಪದರಗಳಲ್ಲಿಯೇ ಸಾಲುಗಟ್ಟುವುವು. ಹಳೆಯ ಕತ್ತಿಗಳಲ್ಲಿ ಈ ಸಾಲುಗಳ ನಡುವಣ ಅಂತರವು ಮಿಲ್ಲಿಮೀಟರಿನ ನೂರರಲ್ಲಿ ೩ರಿಂದ ೭ ಭಾಗಗಳಷ್ಟು ಮಾತ್ರ. ಇದಕ್ಕೆ ಒಂದು ದೃಢವಾದ ಪ್ರಮಾಣವೂ ಉಂಟು. ಅಲಗನ್ನು ಅತಿಯಾಗಿ ಕಾಯಿಸಿ ಕಣಗಳನ್ನೆಲ್ಲ ಕರಗಿಸಿಬಿಟ್ಟರೆ ಗೆರೆಗಳು ಮಾಯವಾಗುವುವು; ಆದರೆ ಹದವಾದ ಕಾವಿನಲ್ಲಿ ಮತ್ತೆ ಮತ್ತೆ ಕಾಯಿಸಿ ಆರಿಸಿದರೆ ಅವು ಪುನಃ ಮೂಡುವುವು. ಇಂಗಾಲವು ಚದರಿಹೋದರೂ ಅದನ್ನು ಮರಳಿ ಕರೆಯುವ ಒಂದು ಸ್ಥಿರವಾದ ಅಚ್ಚು ಒಳಗೆ ಉಳಿದಿದೆಯೆಂದೇ ಇದರ ಅರ್ಥ.

ಈ ಸಿದ್ಧಾಂತದ ಬೆಳಕಿನಲ್ಲಿ ಹಿಂದಿನ ಒಗಟುಗಳು ತಿಳಿಯಾಗುವುವು. ಪ್ಯಾರಿಸ್ಸಿನ ಕಮ್ಮಾರನು ಸೋತುದೇಕೆ? ಆತನು ತನ್ನ ನಾಡಿನ ಮೆದುಕಬ್ಬಿಣವನ್ನು ಬಿಳಿಗಾವಿಗೆ ತಂದು ಬಡಿದು ಅಭ್ಯಾಸವಾದವನು. ಕಡೆಯಲ್ಲಿ ಹೆಪ್ಪುಗಟ್ಟಿದ, ಇಂಗಾಲವೂ ರಂಜಕವೂ ತುಂಬಿದ ಸಂದುಗಳು ಕಾಯಿಸಿದಾಗ ಎಲ್ಲಕ್ಕಿಂತ ಮೊದಲು ಕರಗುವುವು; ಬಿಳಿಗಾವಿನಲ್ಲಿ ಗಟ್ಟಿಯು ಹೊರಗೆ ಗಟ್ಟಿಯಾಗಿ ತೋರಿದರೂ ಒಳಗೆ ಕೀಲುಕೀಲುಗಳು ಸಡಿಲಿರುವುವು. ಕೆಂಗಾವಿನಲ್ಲಿ ತಾಳ್ಮೆಯಿಂದ ಬಡಿಯುವ ಪೂರ್ವದೇಶದ ಪದ್ಧತಿಯು ಅವನಿಗೆ ತಿಳಿದಿರಲಿಲ್ಲ. ಇನ್ನು ಈ ವಿದ್ಯೆಯು ನಶಿಸಿದುದೇಕೆ? ವೆನೇಡಿಯಂ ಮೊದಲಾದುವು ಇದ್ದ ಅದಿರಿನ ಗಣಿಗಳು ಬರಿದಾಗಿ, ಬೇರೆ ಅದಿರಿನ ಗಟ್ಟಿಗಳು ಬರತೊಡಗಿದ ಮೇಲೆ, ತಂದೆಯಿಂದ ಕಲಿತುದನ್ನೇ ಮಗನು ತಪ್ಪದೆ ಮಾಡಿದರೂ ಗೆರೆಯು ಮೂಡದೆಹೋಗಿರಬೇಕೆಂದು ವರ್ಹೋವನ್, ಪೆಂಡ್ರೆಯವರ ಊಹೆ. ಬಂದೂಕುಗಳು ಬಂದು ಕತ್ತಿಯ ಬೆಲೆ ಇಳಿದುದು, ವಿದೇಶದ ಅಗ್ಗದ ಉಕ್ಕು ಬಂದುದು ಮೊದಲಾದ ಕಾರಣಗಳನ್ನೂ ಇತರರು ಹೇಳುವರು. ಗೆರೆಗಳ ಹುಟ್ಟಿನ ವಿಷಯದಲ್ಲಿಯೂ ಸ್ಟ್ಯಾನ್‌ಫರ್ಡಿನ ಷೆರ್ಬಿ ಮತ್ತು ವ್ಯಾಡ್ಸ್‌ವರ್ತ್ ಎಂಬ ವಿದ್ವಾಂಸರು ೧೯೮೦ರಿಂದ ಬೇರೊಂದು ಮತವನ್ನು ಪ್ರತಿಪಾದಿಸಿದ್ದರು: ಉಕ್ಕಿನ ಕಣಗಳ ಅಂಚುಗಳಲ್ಲಿ ಬಲೆಯಂತೆ ಕಟ್ಟಿದ ಸಿಮೆಂಟೈಟು ಪೆಟ್ಟಿಗೆ ಮುರಿದು ಚಾಚಿಕೊಂಡುದೇ ಗೆರೆಗಳೆಂದು ಅವರ ವಾದ. ಆದರೆ ಒಮ್ಮೆ ಅಳಿಸಿದ ಗೆರೆಗಳು ಮರಳಿ ಮೂಡುವುದನ್ನು ಸುಲಭವಾಗಿ ವಿವರಿಸುವುದು ವೆನೇಡಿಯಮ್ಮಿನ ಮತವೇ.

ಇದನ್ನು ಬರಿಯ ಹಳೆಯ ಕತ್ತಿಗಳ ಮಾತೆಂದು ವಾಚಕರು ತಿಳಿಯಬಾರದು. ಇಂದಿನ ಸೇತುವೆ, ಹಡಗು, ಕೊಳವೆಗಳ ಉಕ್ಕಿನಲ್ಲಿಯೂ ಇದೇ ಧರ್ಮವು ನಡೆಯುತ್ತಿದೆ. ಅಲ್ಲಿ ವೆನೇಡಿಯಮ್ಮಿನ ಪಾತ್ರವನ್ನು ವಹಿಸುವುದು ಮುಖ್ಯವಾಗಿ ಮ್ಯಾಂಗನೀಸು. ಎರಕದಲ್ಲಿ ಹುಟ್ಟಿದ ಮ್ಯಾಂಗನೀಸಿನ ಅಸಮತೆಯು ಉರುಳೆಗಳ ನಡುವೆ ತಗಡಾಗಿ ಚಾಚಿದಾಗ ಪದರಪದರವಾಗುವುದು. ತಗಡು ನಿಧಾನವಾಗಿ ಆರುವಾಗ ಮ್ಯಾಂಗನೀಸು ಕಡಿಮೆಯಾದ ಪದರವು ಮೊದಲು ಫೆರೈಟು ಎಂಬ ಮೆದುರೂಪವನ್ನು ತಾಳಿ ತನ್ನಲ್ಲಿದ್ದ ಇಂಗಾಲವನ್ನು ನೆರೆಯ ಪದರಕ್ಕೆ ನೂಕುವುದು. ಮ್ಯಾಂಗನೀಸು ಹೆಚ್ಚಾದ ಆ ನೆರೆಯ ಪದರವು ಕಡೆಯಲ್ಲಿ ಪರ್ಲೈಟು ಎಂಬ ಗಡುಸುರೂಪವನ್ನು ತಾಳುವುದು. ಹೀಗೆ ಮೆದುವೂ ಗಡುಸೂ ಸರದಿಯಾಗಿ ಬರುವ ಪಟ್ಟೆಗಳುಳ್ಳ ತಗಡು, ಉದ್ದಕ್ಕೆ ಎಳೆದರೆ ಒಂದು ಬಗೆಯಾಗಿಯೂ ದಪ್ಪದ ದಿಕ್ಕಿಗೆ ಎಳೆದರೆ ಇನ್ನೊಂದು ಬಗೆಯಾಗಿಯೂ ವರ್ತಿಸುವುದು. ಬೇಗನೆ ಆರಿಸಿದರೆ ಪಟ್ಟೆಗಳು ಮರೆಯಾಗುವುವು. ಆದರೆ ಮ್ಯಾಂಗನೀಸಿನ ಅಚ್ಚು ಉಳಿದೇ ಇರುವುದರಿಂದ, ಮತ್ತೆ ಕಾಯಿಸಿ ನಿಧಾನವಾಗಿ ಆರಿಸಿದರೆ ಅವು ಮರಳುವುವು. ಅಚ್ಚನ್ನೇ ಅಳಿಸಬೇಕಾದರೆ ಅತ್ಯಧಿಕವಾದ ಶಾಖದಲ್ಲಿ ಬಹುಕಾಲ ಇಡಬೇಕು. ಅದರ ವೆಚ್ಚವನ್ನು ಕಾರ್ಖಾನೆಗಳು ತಾಳಲಾರವು. ಎರಕದ ಗಟ್ಟಿಗಳ ಈ ಅಸಮತೆಯನ್ನೇ ಪರಿಶೀಲಿಸುವುದಕ್ಕಾಗಿ ಬ್ರಿಟನ್ನಿನ ಕಬ್ಬಿಣ ಮತ್ತು ಉಕ್ಕಿನ ಸಂಸ್ಥೆಯು ಒಂದು ಸಮಿತಿಯನ್ನು ನೇಮಿಸಿತು. ೧೯೨೬ರಲ್ಲಿ ಅದರ ಮೊದಲನೆಯ ವರದಿಯು ಹೊರಬಂದಿತು. ಕತ್ತಿಯಲ್ಲಿ ಯಾವುದು ಆಭರಣವಾಗಿದ್ದಿತೋ ಅದೇ ಯಂತ್ರಯುಗದಲ್ಲಿ ದೋಷವೆನಿಸಿಕೊಂಡಿತು.

ಈ ಚರಿತ್ರೆಯಿಂದ ನಾವು ಗ್ರಹಿಸಬೇಕಾದುದೇನು? ನಮ್ಮಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುವುವು. ನಮ್ಮ ಪೂರ್ವಿಕರು ಎಲ್ಲವನ್ನೂ ಬಲ್ಲವರಾಗಿದ್ದರೆಂದು ಒಂದು ಮಾತು. ಅವರದು ಬರಿಯ ಕೈಚಳಕ, ಶಾಸ್ತ್ರವೆಲ್ಲವೂ ಹೊರಗಿನಿಂದ ಬಂದುದೆಂದು ಇನ್ನೊಂದು. ಉಕ್ಕಿನ ಕಥೆಯು ಇವೆರಡನ್ನೂ ಒಪ್ಪುವುದಿಲ್ಲ. ತಂಗಡಿಯ ಕಡ್ಡಿಯನ್ನು ಮೂಸೆಗೆ ಹಾಕಿದ ನಮ್ಮ ಕಮ್ಮಾರನಿಗೆ ವೆನೇಡಿಯಮ್ಮಿನ ಹೆಸರೂ ತಿಳಿದಿರಲಿಲ್ಲ. ಯಾವ ಅದಿರು, ಎಷ್ಟು ಕಾವು, ಎಷ್ಟು ನಿಧಾನ ಎಂಬುದನ್ನು ಮಾತ್ರ ಅವನು ತನ್ನ ಕಣ್ಣಿನಿಂದಲೂ ಕೈಯಿಂದಲೂ ಅಳೆದು, ತಪ್ಪದೆ ನಡೆಸಿಕೊಂಡು ಬಂದನು. ಕಾರಣವನ್ನರಿಯದೆ ಕಾರ್ಯವನ್ನು ಸಾಧಿಸಿದುದು ಅವನ ಹಿರಿಮೆ; ಕಾರಣವನ್ನರಿಯದುದರಿಂದಲೇ, ಅದಿರು ಬದಲಾದಾಗ ಅದನ್ನು ಕಾಪಾಡಿಕೊಳ್ಳಲಾರದೆ ಹೋದುದು ಅವನ ಕಷ್ಟ. ಎಲ್ಲಿ ಕೈಯ ಅರಿವೂ ಶಾಸ್ತ್ರದ ಅರಿವೂ ಒಂದನ್ನೊಂದು ಕೇಳಿಕೊಳ್ಳುವುದಿಲ್ಲವೋ ಅಲ್ಲಿ ವಿದ್ಯೆಯು ಒಂದು ತಲೆಮಾರಿನ ಅಂಚಿನಲ್ಲಿ ನಿಂತಿರುವುದು.

ಚಿತ್ರದುರ್ಗದ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಒಡೆದ ಮೂಸೆಗಳ ಚೂರುಗಳು ದೊರೆತಿವೆ. ಅವನ್ನು ಲೋಹಶಾಸ್ತ್ರಜ್ಞರು ಪರೀಕ್ಷಿಸಿ, ಅಲ್ಲಿ ಇಂಗಾಲವು ಅಧಿಕವಾಗಿದ್ದ ಮೂಸೆಯುಕ್ಕು ತಯಾರಾಗುತ್ತಿದ್ದುದನ್ನು ದೃಢಪಡಿಸಿರುವರು. ಇಂತಹ ಕಪ್ಪು ಚೂರುಗಳೂ ಕಿಟ್ಟದ ಗುಡ್ಡೆಗಳೂ ನಮ್ಮ ನಾಡಿನ ಬೇರೆ ಊರುಗಳ ಹೊರವಲಯಗಳಲ್ಲಿಯೂ ಕಣ್ಣಿಗೆ ಬೀಳುವುದುಂಟು. ಹೊಲವನ್ನು ಸಮಮಾಡುವಾಗ ಅವನ್ನು ಕಸವೆಂದು ಎಸೆಯದೆ, ಸ್ಥಳವನ್ನು ಗುರುತಿಟ್ಟು ತಿಳಿದವರಿಗೆ ಸುದ್ದಿಯನ್ನು ಮುಟ್ಟಿಸುವುದು ನಮ್ಮಂತಹ ಸಾಮಾನ್ಯರೂ ಮಾಡಬಹುದಾದ ಕೆಲಸ. ಆ ಚೂರುಗಳ ಒಳಮೈಗೆ ಅಂಟಿ ಉಳಿದ ಉಕ್ಕಿನ ಒಂದು ಹನಿಯಲ್ಲಿಯೂ ಹರಳಿನ ಕೊಂಬೆರೆಂಬೆಗಳು ಇನ್ನೂ ಹಾಗೆಯೇ ನಿಂತಿರಬಹುದು. ಓದಬಲ್ಲವರಿಗೆ ಅದೂ ಒಂದು ಶಾಸನವೇ.